ಮೂಗು ತೊಳೆಯೋಕೆ ಉಪ್ಪುನೀರು: ಉಪ್ಪು ಎಷ್ಟು, ನೀರು ಯಾವುದು?

ಪ್ರಶ್ನೆ: ಡಾಕ್ಟರೇ, ನನಗೆ 42 ವರ್ಷ. ಬೆಳಗ್ಗೆ ಎದ್ದ ಕೂಡಲೇ ಸೀನು ಶುರುವಾದರೆ ಹದಿನೈದು ಇಪ್ಪತ್ತು ಸಲ ನಿಲ್ಲೋದೇ ಇಲ್ಲ, ಆಮೇಲೆ ಮೂಗು ಕಟ್ಟಿಕೊಳ್ಳುತ್ತದೆ. ಯೋಗ ಕ್ಲಾಸಿನಲ್ಲಿ ಜಲನೇತಿ, ಅಂದರೆ ಒಂದು ಹೊಳ್ಳೆಗೆ ಉಪ್ಪುನೀರು ಹುಯ್ದು ಇನ್ನೊಂದರಿಂದ ಹೊರಬಿಡೋದು, ಹೇಳಿಕೊಟ್ಟರು. ಮನೆಯಲ್ಲಿ ಒಂದು ಲೋಟ ಗೀಸರ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ಮಾಡಿದೆ. ನೆತ್ತಿವರೆಗೂ ಉರಿ ಹತ್ತಿತು! ಮಾರನೇ ದಿನ ಉಪ್ಪೇ ಬೇಡ ಅಂತ ಬರೀ ನೀರಿನಲ್ಲಿ ಮಾಡಿದೆ, ಅದೂ ಉರಿಯಿತು. ಮೆಡಿಕಲ್ ಶಾಪಿನ ಪುಡಿ ಪೊಟ್ಟಣ ದಿನಾ ತರೋಕೆ ಖರ್ಚು ಜಾಸ್ತಿ. ಮನೆಯಲ್ಲೇ ಸರಿಯಾಗಿ ಮಾಡೋದು ಹೇಗೆ?
– ಓದುಗಿ, ಬೆಂಗಳೂರು

ಉತ್ತರ: ಎರಡು ದಿನವೂ ಉರಿದದ್ದು ಒಂದೇ ಕಾರಣಕ್ಕೆ. ನಿಮ್ಮ ಮೈಯ ನೀರಿನಲ್ಲಿರುವ ಉಪ್ಪಿಗೂ ಹೊರಗಿಂದ ಬಂದ ನೀರಿನ ಉಪ್ಪಿಗೂ ತಾಳೆ ಆಗಲಿಲ್ಲ. ರಕ್ತ, ಕಣ್ಣೀರು ಎಲ್ಲ 100 ಮಿ.ಲೀ.ಗೆ ಸುಮಾರು 0.9 ಗ್ರಾಂ ಉಪ್ಪು ಹಾಕಿದಷ್ಟು ಉಪ್ಪಾಗಿರುತ್ತವೆ. ಅದಕ್ಕೇ ಕಣ್ಣೀರು ಬಂದರೆ ಕಣ್ಣು ಉರಿಯೋದಿಲ್ಲ, ಸ್ನಾನದ ನೀರು ಮೂಗಿಗೆ ಹೋದರೆ ಉರಿಯುತ್ತದೆ. ನೀವು ಮೊದಲ ದಿನ ಮಾಡಿದ್ದು ಹೆಚ್ಚುಕಡಿಮೆ ಸಮುದ್ರದ ನೀರು, ಎರಡನೇ ದಿನ ಅದಕ್ಕೆ ತದ್ವಿರುದ್ಧ.

ಅಳತೆ ಸುಲಭ. ಒಂದು ಲೀಟರಿಗೆ 9 ಗ್ರಾಂ, ಅಂದರೆ ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ. ಅಡುಗೆಮನೆಯ ಚಮಚ ಒಂದೊಂದು ಒಂದೊಂದು ಸೈಜು, ಲೋಟವೂ ಅಷ್ಟೇ, ಹಾಗಾಗಿ ಕೆಮ್ಮಿನ ಸಿರಪ್ ಜೊತೆ ಬರುತ್ತಲ್ಲ 5 ಮಿ.ಲೀ. ಚಮಚ, ಅದನ್ನು ತೊಳೆದು ಒರೆಸಿ ಇದಕ್ಕೇ ಅಂತ ಎತ್ತಿಡಿ. ಪುಡಿ ಉಪ್ಪು ತುಂಬಿ, ಮೇಲೆ ಚಾಕುವಿನ ಬೆನ್ನಿನಿಂದ ಸವರಿದರೆ ಅದು ಹತ್ತಿರ ಹತ್ತಿರ 6 ಗ್ರಾಂ. ಅರ್ಧ ಲೀಟರಿಗೆ ಅದರಲ್ಲಿ ಮುಕ್ಕಾಲು ಚಮಚ ಸಾಕು. ಕಲ್ಲುಪ್ಪಾದರೆ ಈ ಲೆಕ್ಕ ನಡೆಯೋದಿಲ್ಲ, ಹರಳುಗಳ ನಡುವೆ ಜಾಗ ಇರುತ್ತಲ್ಲ. ತೂಕ ಮಾಡಲೇಬೇಕು. ಕೊನೆಗೆ ಒಂದು ಹನಿ ನಾಲಿಗೆಗೆ ಹಾಕಿ ನೋಡಿ. ಕಣ್ಣೀರಿನಷ್ಟು ಉಪ್ಪಿದ್ದರೆ ಸರಿ, ಸಾರಿಗೆ ಉಪ್ಪು ಎರಡು ಸಲ ಬಿದ್ದ ಹಾಗಿದ್ದರೆ ಚೆಲ್ಲಿ ಮತ್ತೆ ಮಾಡಿ.

ಅಯೋಡಿನ್ ಉಪ್ಪು ಆಗುತ್ತಾ ಅಂತ ಬಹಳ ಜನ ಕೇಳುತ್ತಾರೆ. ಅಯೋಡಿನ್ ಇಲ್ಲದ್ದು ಒಳ್ಳೆಯದು ಅನ್ನೋದು ನಿಜ. ಆದರೆ ನಮ್ಮ ದೇಶದಲ್ಲಿ ಊಟಕ್ಕೆ ಮಾರುವ ಉಪ್ಪಿಗೆ ಅಯೋಡಿನ್ ಸೇರಿಸಲೇಬೇಕು ಅನ್ನೋ ನಿಯಮ ಇದೆ, ಹಾಗಾಗಿ ಅಂಗಡಿಯಲ್ಲಿ ಅದು ಸಿಗೋದು ಕಷ್ಟ. ಪ್ಯಾಕೆಟ್ ಉಪ್ಪೇ ಹಾಕಿದರೂ ವಿಷವೇನಲ್ಲ. ಕೆಲವರಿಗೆ ಅಯೋಡಿನ್ನೋ, ಉಪ್ಪು ಗಂಟು ಕಟ್ಟದಿರಲಿ ಅಂತ ಸೇರಿಸುವ ಪುಡಿಯೋ ಸ್ವಲ್ಪ ಚುರುಚುರು ಅನ್ನಿಸುತ್ತದೆ, ಅಷ್ಟೇ. ಅಂಥವರು ವಾರಕ್ಕೆರಡು ಪೊಟ್ಟಣವಾದರೂ ಕೊಳ್ಳಲಿ.

ಚುರುಚುರು ಕಡಿಮೆ ಮಾಡೋಕೆ ಅರ್ಧ ಲೀಟರಿಗೆ ಎರಡು ಚಿಟಿಕೆ ಅಡುಗೆ ಸೋಡಾ ಹಾಕಬಹುದು. ಅಡುಗೆ ಸೋಡಾ ಅಂದೆ, ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಅಲ್ಲ! ಅದರಲ್ಲಿ ಹುಳಿ ಅಂಶ, ಹಿಟ್ಟು ಎಲ್ಲ ಸೇರಿರುತ್ತದೆ. ಒಬ್ಬರು ಅದನ್ನೇ ಹಾಕಿಕೊಂಡು, ಮೂಗೊಳಗೆ ನೊರೆ ಬಂತು ಅಂತ ಗಾಬರಿಯಾಗಿ ನಮ್ಮ ಕ್ಲಿನಿಕ್ಕಿಗೆ ಓಡಿಬಂದಿದ್ದರು.

ಈಗ ನೀವು ಕೇಳದೇ ಇದ್ದ ವಿಷಯಕ್ಕೆ ಬರುತ್ತೇನೆ. ಉಪ್ಪು ಹೆಚ್ಚುಕಮ್ಮಿ ಆದರೆ ಉರಿ, ಅಷ್ಟೇ. ನೀರು ತಪ್ಪಾದರೆ ಜೀವಕ್ಕೇ ಅಪಾಯ. ಗೀಸರ್ ನೀರು ಕಾದ ನೀರು, ಕುದಿದ ನೀರಲ್ಲ. ನೇಗ್ಲೇರಿಯಾ ಫೌಲೇರಿ ಅನ್ನೋ ಅಮೀಬಾ ಸಿಹಿನೀರಿನಲ್ಲಿರುತ್ತದೆ, ಅದಕ್ಕೆ ಬೆಚ್ಚಗಿನ ನೀರೆಂದರೆ ಬಲು ಇಷ್ಟ. ಕುಡಿದರೆ ಏನೂ ಮಾಡೋದಿಲ್ಲ. ಮೂಗಿಗೆ ಹೋದರೆ ಮಾತ್ರ, ವಾಸನೆಯ ನರದ ದಾರಿ ಹಿಡಿದು ಮಿದುಳಿಗೆ ಹೋಗುತ್ತದೆ. ಹೀಗಾಗೋದು ತುಂಬಾ ಅಪರೂಪ, ಆದರೆ ಆದವರಲ್ಲಿ ಉಳಿದವರು ಬೆರಳೆಣಿಕೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಇಬ್ಬರು ಸತ್ತರು. ಇಬ್ಬರೂ ನಲ್ಲಿ ನೀರನ್ನು ಹಾಗೇ ನೇತಿ ಪಾತ್ರೆಗೆ ಹಾಕಿ ಮೂಗು ತೊಳೆದವರು. ಅವರ ಮನೆಯ ನೀರಿನಲ್ಲೇ ಆ ಅಮೀಬಾ ಸಿಕ್ಕಿತು.

ಹಾಗಾಗಿ ನೀರು ಗಳಗಳ ಕುದಿಯಬೇಕು. ಒಂದು ನಿಮಿಷ ಸಾಕು, 2,000 ಮೀಟರಿಗಿಂತ ಎತ್ತರದ ಊರಲ್ಲಿ ಮೂರು ನಿಮಿಷ. ನಮ್ಮ ಮುಳ್ಳಯ್ಯನಗಿರಿ ತುದಿಯೂ ಅಷ್ಟು ಎತ್ತರ ಇಲ್ಲ ಬಿಡಿ. ಆದರೂ ನಾನು ಎಲ್ಲರಿಗೂ ಮೂರು ನಿಮಿಷ ಅಂತಲೇ ಹೇಳೋದು, ಗ್ಯಾಸ್ ಎಷ್ಟು ತಾನೇ ಖರ್ಚಾಗುತ್ತೆ? ಉಪ್ಪನ್ನು ಕುದಿಯುವಾಗಲೇ ಹಾಕಿ, ಸೋಡಾ ಮಾತ್ರ ಒಲೆ ಆರಿಸಿದ ಮೇಲೆ. ಮುಚ್ಚಿಟ್ಟು ಆರಲು ಬಿಡಿ. ಬೇಗ ಆರಲಿ ಅಂತ ತಣ್ಣೀರು ಬೆರೆಸಿದಿರೋ, ಕುದಿಸಿದ್ದೇ ದಂಡ. ಮಗುವಿನ ಹಾಲು ನೋಡುವ ಹಾಗೆ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ನೋಡಿ, ಉಗುರುಬೆಚ್ಚಗಿರಬೇಕು. ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ 24 ಗಂಟೆಯೊಳಗೆ ಬಳಸಿ, ಆಮೇಲೆ ಚೆಲ್ಲಿ. ನೇತಿ ಪಾತ್ರೆಯನ್ನೂ ಪ್ರತಿ ಸಲ ತೊಳೆದು, ಕುದಿಸಿದ ನೀರಿನಲ್ಲೇ ಕೊನೆಗೊಮ್ಮೆ ಜಾಲಿಸಿ, ಬೋರಲು ಹಾಕಿ ಒಣಗಿಸಿ. ತಾಮ್ರದ್ದು ನೋಡೋಕೆ ಚೆಂದ, ಆದರೆ ಉಪ್ಪುನೀರಿಗೆ ಕಿಲುಬು ಹಿಡಿಯುತ್ತದೆ. ಸ್ಟೀಲಿನದೋ ಪಿಂಗಾಣಿಯದೋ ತಗೊಳ್ಳಿ.

ಇದರಿಂದ ಅಲರ್ಜಿ ವಾಸಿಯಾಗೋದಿಲ್ಲ ಅನ್ನೋದು ನೆನಪಿರಲಿ. ಧೂಳು, ಕಾಂಗ್ರೆಸ್ ಗಿಡದ ಪರಾಗ, ಅಂಟು ಸಿಂಬಳ ತೊಳೆದುಹೋಗುತ್ತದೆ, ಉಸಿರಾಟ ಹಗುರ ಅನ್ನಿಸುತ್ತದೆ. ಡಾಕ್ಟರು ಸ್ಪ್ರೇ ಬರೆದುಕೊಟ್ಟಿದ್ದರೆ ತೊಳೆದ ಮೇಲೆ ಹೊಡೆದುಕೊಳ್ಳಿ. ಮೊದಲೇ ಹೊಡೆದರೆ ಔಷಧಿ ಸಿಂಕಿಗೆ ಹೋಗುತ್ತದೆ.

ಪ್ರಶ್ನೆ: ಕೇರಳದ ಅಮೀಬಾ ಸುದ್ದಿ ಓದಿ ಭಯವಾಗಿದೆ. ನಮ್ಮಲ್ಲಿ ಆರ್‌ಓ ಫಿಲ್ಟರ್ ಇದೆ, ಆ ನೀರು ಕುದಿಸಬೇಕಾ? ಬಂಕಿನಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಆಗುತ್ತಾ?
– ಓದುಗ, ಮಂಗಳೂರು

ಉತ್ತರ: ಆರ್‌ಓ ನೀರನ್ನೂ ಕುದಿಸಿ. ಫಿಲ್ಟರ್ ಶುದ್ಧ ಮಾಡಿದರೂ ನೀರು ಅದರ ಟ್ಯಾಂಕಿನಲ್ಲಿ, ನಲ್ಲಿಯಲ್ಲಿ ನಿಂತಿರುತ್ತದೆ, ಸರ್ವಿಸ್ ಮಾಡಿಸಿ ಎಷ್ಟು ತಿಂಗಳಾಯಿತೋ. 20 ಲೀಟರ್ ಕ್ಯಾನ್ ನೀರಿಗೂ ಇದೇ ಮಾತು. ಬಂಕಿನದು ಬ್ಯಾಟರಿಗೆ ಹಾಕೋ ನೀರು ಸ್ವಾಮಿ, ಅದನ್ನು ಮೂಗಿನ ಹತ್ತಿರವೂ ತರಬೇಡಿ.

ಪ್ರಶ್ನೆ: ತೊಳೆದ ಮೇಲೆ ಕಿವಿ ಗುಂಯ್ ಅನ್ನುತ್ತದೆ. ಅರ್ಧ ಗಂಟೆ ಬಿಟ್ಟು ಬಗ್ಗಿದರೆ ಮೂಗಿನಿಂದ ತೊಟತೊಟ ನೀರು ಬೀಳುತ್ತದೆ. ಏನಾದರೂ ತೊಂದರೆಯೇ?
– ಓದುಗಿ, ದಾವಣಗೆರೆ

ಉತ್ತರ: ನೀರು ಬೀಳೋದು ಮಾಮೂಲು. ಮೂಗಿನ ಅಕ್ಕಪಕ್ಕದ ಗೂಡುಗಳಲ್ಲಿ ಸ್ವಲ್ಪ ನಿಂತಿರುತ್ತದೆ, ಅದಕ್ಕೇ ಮಲಗುವ ಮುಂಚೆ ಮಾಡಬೇಡಿ. ಕಿವಿಯ ವಿಷಯಕ್ಕೆ, ನೀವು ಎರಡೂ ಹೊಳ್ಳೆ ಅದುಮಿ ಜೋರಾಗಿ ಸೀಟುತ್ತೀರಿ ಅಂತ ನನ್ನ ಅನುಮಾನ. ಹಾಗೆ ಮಾಡಿದರೆ ನೀರು ಹಿಂದಿನ ನಾಳದಿಂದ ಕಿವಿಯ ಕಡೆ ನುಗ್ಗುತ್ತದೆ. ಸಿಂಕಿನ ಮೇಲೆ ಬಗ್ಗಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ಹುಯ್ಯಿರಿ, ಕೆಳಗಿನದರಿಂದ ಹರಿದುಹೋಗಲಿ. ಆಮೇಲೆ ಹೊಳ್ಳೆ ಮುಚ್ಚದೆ ಮೆಲ್ಲಗೆ ಊದಿ. ಮೂಗು ಪೂರ್ತಿ ಕಟ್ಟಿರುವ ದಿನ, ಕಿವಿ ನೋವಿರುವ ದಿನ ಮಾಡಲೇಬೇಡಿ. ಎರಡು ಮೂರು ದಿನವಾದರೂ ಗುಂಯ್ ನಿಲ್ಲದಿದ್ದರೆ ಕಿವಿ ತೋರಿಸಿ.