ತಾತನ 1965ರ ಬೀಟಲ್ ಕಾರನ್ನು ಮೊದಲಿದ್ದಂತೆಯೇ ಮಾಡಿಸಲೇ, ನನಗೆ ಬೇಕಾದಂತೆ ಬದಲಿಸಲೇ?

ತಾತ ಬಿಟ್ಟುಹೋದ ಫೋಕ್ಸ್‌ವ್ಯಾಗನ್ ಬೀಟಲ್ ಆರು ವರ್ಷದಿಂದ ಓಡದೆ ನಿಂತಿದೆ, ಕಾರ್ಖಾನೆಯಿಂದ ಬಂದ ದಿನ ಇದ್ದ ಹಾಗೇ ಮಾಡಿಸು ಅಂತ ಅಣ್ಣ ಹಟ ಹಿಡಿದಿದ್ದಾರೆ, ನಿಮಗೆ ಮಾತ್ರ ದೊಡ್ಡ ಎಂಜಿನ್, ಡಿಸ್ಕ್ ಬ್ರೇಕ್, 12 ವೋಲ್ಟ್ ವೈರಿಂಗ್, ಏಸಿ, ಅಗಲ ಚಕ್ರ ಬೇಕು ಎಂದು ಬರೆದಿದ್ದೀರಿ. ಸದ್ಯಕ್ಕೆ ಒಂದೇ ಮಾತು ಕೇಳಿ: ಕತ್ತರಿಸುವ ಯಾವ ಸಾಧನವನ್ನೂ ಆ ಕಾರಿನ ಹತ್ತಿರ ತರಬೇಡಿ. ಉಳಿದದ್ದನ್ನು ಅಣ್ಣನ ಜೊತೆ ನಿಧಾನವಾಗಿ ಜಗಳವಾಡಿ ತೀರ್ಮಾನಿಸಬಹುದು.

ಹೀಗೆ ಹೇಳುವುದಕ್ಕೆ ನನ್ನದೇ ಪೆದ್ದುತನ ಕಾರಣ. ನನ್ನ ಮೊದಲ ಹಳೇ ಕಾರಿಗೆ ಹೊಸ ಸ್ಟೀರಿಯೋ ಕೂರಿಸಲೆಂದು ಡ್ಯಾಶ್‌ಬೋರ್ಡಿನ ತಗಡು ಕೊಯ್ಯಿಸಿದೆ. ಹಳೆಯ ರೇಡಿಯೋ, ಸ್ಟೀರಿಂಗ್ ಚಕ್ರ, ಸೀಟಿನ ಚೌಕಟ್ಟು ಎಲ್ಲ ಗುಜರಿಗೆ ಹೋಯಿತು. ನಾಲ್ಕು ವರ್ಷಕ್ಕೆ ಸ್ಟೀರಿಯೋ ಸತ್ತಿತು, ತೂತು ಉಳಿಯಿತು. ಆ ತೂತು ಮುಚ್ಚಿಸಲು ಪಟ್ಟ ಪಾಡು ಎಂಜಿನ್ ಬಿಚ್ಚಿ ಕಟ್ಟಿಸುವುದಕ್ಕೂ ಪಟ್ಟಿರಲಿಲ್ಲ. ಬೇರೊಂದು ಕಾರಿನ ಡ್ಯಾಶ್‌ಬೋರ್ಡಿನ ತುಂಡು ತಂದು ಬೆಸೆಯಬೇಕಾಯಿತು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಬೆಸುಗೆಯ ಗೆರೆ ಈಗಲೂ ಕಾಣುತ್ತದೆ.

ಇಂಥ ಪೆದ್ದರು ನನಗಿಂತ ಮುಂಚೆಯೂ ಇದ್ದರು. 1963ರ ಶೆವ್ರೊಲೆ ಕಾರ್ವೆಟ್ ಕೂಪೆಯ ಹಿಂದಿನ ಗಾಜನ್ನು ನಡುವೆ ಒಂದು ಪಟ್ಟಿ ಎರಡಾಗಿ ಸೀಳಿತ್ತು. ಹಿಂದೆ ಬರುವವರು ಕಾಣುವುದಿಲ್ಲ ಎಂಬ ದೂರು ಬಂದು 1964ರಲ್ಲಿ ಕಂಪನಿಯೇ ಅದನ್ನು ತೆಗೆದುಹಾಕಿತು. 63ರ ಕಾರಿದ್ದ ಕೆಲವರು ತಮ್ಮದು ಹಳತಾಗಿ ಕಾಣಬಾರದೆಂದು ಆ ಪಟ್ಟಿ ಕೊಯ್ಯಿಸಿ 64ರ ಒಂಟಿ ಗಾಜು ಹಾಕಿಸಿಕೊಂಡರು. ಈಗ ಸಂಗ್ರಾಹಕರು ಮುಗಿಬೀಳುವುದು ಒಂದೇ ವರ್ಷ ಬಂದ ಆ ಸೀಳುಗಾಜಿನ ಕಾರಿಗೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಬದಲಾವಣೆಯೇ ತಪ್ಪಲ್ಲ, ಹಿಂದಕ್ಕೆ ಬರಲಾಗದ ಬದಲಾವಣೆ ತಪ್ಪು. ಬೋಲ್ಟಿನಲ್ಲಿ ಕೂರಿಸಿ ಬೋಲ್ಟು ಬಿಚ್ಚಿ ತೆಗೆಯಬಹುದಾದದ್ದನ್ನು ಧಾರಾಳವಾಗಿ ಮಾಡಿ. ಜಾಗ್ವಾರ್ ಕಂಪನಿಯೇ 2017ರಲ್ಲಿ ತನ್ನ ಹಳೆಯ ಇ-ಟೈಪ್ ಕಾರಿಗೆ ವಿದ್ಯುತ್ ಮೋಟಾರು ಹಾಕಿ ತೋರಿಸಿತು. ಬ್ಯಾಟರಿಯ ಅಳತೆ, ತೂಕ ಎರಡೂ ಹಳೆಯ ಎಂಜಿನ್ನಿನಷ್ಟೇ ಇರುವಂತೆ ನೋಡಿಕೊಂಡಿತ್ತು. ಬೇಸರವಾದರೆ ಪೆಟ್ರೋಲ್ ಎಂಜಿನ್ ವಾಪಸ್ ಕೂರಿಸಬಹುದು.

ಈಗ ನಿಮ್ಮ ಆಸೆಗಳಿಗೆ ಬರೋಣ. ಬ್ರೇಕಿನ ವಿಷಯದಲ್ಲಿ ನಾನು ನಿಮ್ಮ ಕಡೆ, ಆದರೆ ಡಿಸ್ಕಿಗಿಂತ ಮೊದಲು ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ನೋಡಿ. 65ರ ಬೀಟಲ್‌ನಲ್ಲಿ ಆ ಎಣ್ಣೆ ಹರಿಯಲು ಇರುವುದು ಒಂದೇ ಸರ್ಕ್ಯೂಟು. ಒಂದು ಹೋಸ್ ಒಡೆದರೆ ನಾಲ್ಕು ಚಕ್ರದ ಬ್ರೇಕೂ ಹೋಗಿ ಪೆಡಲ್ ನೆಲ ಮುಟ್ಟುತ್ತದೆ. ಎರಡು ಸರ್ಕ್ಯೂಟಿನದು ಹಾಕಿಸಿ, ರಬ್ಬರ್ ಹೋಸುಗಳನ್ನೆಲ್ಲ ಹೊಸದು ಮಾಡಿಸಿ. ಡ್ರಮ್ ಬ್ರೇಕು ತಾನಾಗಿಯೇ ಹೊಂದಿಕೊಳ್ಳುವುದಿಲ್ಲ, ಆಗಾಗ ಕೈಯಿಂದಲೇ ಬಿಗಿಮಾಡಬೇಕು; ಎಷ್ಟೋ ಜನ ಇದನ್ನು ಮಾಡಿಸದೇ ಡ್ರಮ್ಮನ್ನು ಬೈಯುತ್ತಾರೆ. ಸರಿಯಾಗಿಟ್ಟರೆ ಈ ಹಗುರ ಕಾರಿಗೆ ಅದು ಸಾಕು. ಸಾಲದೆನಿಸಿದರೆ ಮುಂದಿನ ಚಕ್ರಗಳಿಗೆ ಬೋಲ್ಟಿನಲ್ಲೇ ಕೂರುವ ಡಿಸ್ಕ್ ಕಿಟ್ ಸಿಗುತ್ತದೆ.

ದೀಪ ಮಂಕು, ಅದಕ್ಕೇ 12 ವೋಲ್ಟ್ ಬೇಕು ಅಂದಿದ್ದೀರಿ. ಆರು ವೋಲ್ಟಿನ ತಪ್ಪು ಅದರಲ್ಲಿ ಅರ್ಧವೂ ಇರಲಿಕ್ಕಿಲ್ಲ. ಅರ್ಥಿಂಗ್ ಕೂಡುವ ಕಡೆಗಳಲ್ಲಿ, ಫ್ಯೂಸಿನ ತುದಿಗಳಲ್ಲಿ ತುಕ್ಕು ಕೂತಿರುತ್ತದೆ. ಮೂಲದಲ್ಲೇ ಆರು ವೋಲ್ಟಿರುವಾಗ ದಾರಿಯಲ್ಲಿ ಅರ್ಧ ವೋಲ್ಟ್ ಸೋರಿದರೂ ಬೆಳಕು ಕುಂದುತ್ತದೆ. ಎಲ್ಲ ಉಜ್ಜಿ, ಹೆಡ್‌ಲೈಟಿಗೆ ಬ್ಯಾಟರಿಯಿಂದ ನೇರ ಕರೆಂಟು ಕೊಡುವ ರಿಲೇ ಹಾಕಿಸಿ ನೋಡಿ. ಆಮೇಲೂ ಬೇಕೆನಿಸಿದರೆ ಬದಲಿಸಿ. ಅದೇ ವ್ಯಾಟಿಗೆ 12 ವೋಲ್ಟಿನಲ್ಲಿ ಅರ್ಧದಷ್ಟೇ ಕರೆಂಟು ಹರಿಯುವುದರಿಂದ, ಚೆನ್ನಾಗಿದ್ದರೆ ಹಳೆಯ ದಪ್ಪ ವೈರೇ ಸಾಕಾಗುತ್ತದೆ. ಬಲ್ಬು, ಕಾಯಿಲ್, ಡೈನಮೋ, ರೆಗ್ಯುಲೇಟರ್, ವೈಪರ್ ಮೋಟಾರು ಬದಲಾಗಬೇಕು.

ದೊಡ್ಡ ಎಂಜಿನ್? ಬೀಟಲ್ ಎಂಜಿನ್ ನಿಂತಿರುವುದು ನಾಲ್ಕು ಬೋಲ್ಟಿನ ಮೇಲೆ. ಫ್ಲೈವೀಲ್, ಕ್ಲಚ್ ಕಡೆ ಒಂದಿಷ್ಟು ಹೊಂದಿಸಿದರೆ ಅದೇ ವಂಶದ 1600 ಸಿಸಿ ಎಂಜಿನ್ ಅಲ್ಲೇ ಕೂರುತ್ತದೆ. ಅಷ್ಟರವರೆಗೆ ನನ್ನ ಒಪ್ಪಿಗೆ ಇದೆ. ಅದಕ್ಕಿಂತ ಜೋರಿನದಕ್ಕೆ ಹೋದರೆ ಬ್ರೇಕು, ಗೇರ್‌ಬಾಕ್ಸು, ಸಸ್ಪೆನ್ಷನ್ನು ಒಂದೊಂದಾಗಿ ಸರದಿಯಲ್ಲಿ ನಿಲ್ಲುತ್ತವೆ. ಆ ವರ್ಷದ ಬೀಟಲ್‌ಗೆ ಹಿಂದೆ ಸ್ವಿಂಗ್ ಆಕ್ಸಲ್ ಇದೆ, ಅಂದರೆ ಗೇರ್‌ಬಾಕ್ಸಿನ ಬಳಿ ಮಾತ್ರ ಮಡಚುವ, ಚಕ್ರವನ್ನೂ ಜೊತೆಗೇ ಓರೆಯಾಗಿಸುವ ಅಚ್ಚು. ತಿರುವಿನಲ್ಲಿ ವೇಗ ಹೆಚ್ಚಾದರೆ ಹಿಂಚಕ್ರ ಒಳಕ್ಕೆ ಮಡಚಿಕೊಂಡು ಕಾರು ಹಿಡಿತ ಬಿಡುತ್ತದೆ. ತಾತನ ಎಂಜಿನ್ನನ್ನು ಮಾತ್ರ ಮಾರಬೇಡಿ. ಪ್ಲಗ್ ತೂತುಗಳಿಗೆ ಎಣ್ಣೆ ಬಿಟ್ಟು, ಸುತ್ತಿ, ಒಣಗಿದ ಜಾಗದಲ್ಲಿಡಿ.

ಏಸಿ ಬೇಡ. ಕಂಪ್ರೆಸರ್ ಕದಿಯುವಷ್ಟು ಶಕ್ತಿ ಹಳೆಯ 40 ಅಶ್ವಶಕ್ತಿಯಲ್ಲಿ ಎಲ್ಲಿದೆ? ಅಗಲ ಚಕ್ರಕ್ಕೆ ಮಡ್‌ಗಾರ್ಡ್ ಕೊಯ್ಯಬೇಕಾಗಿ ಬಂದರೆ ಅದೂ ಬೇಡ.

ಇಷ್ಟೆಲ್ಲ ಮಾತಿಗಿಂತ ಮುಂಚೆ ಹಿಂದಿನ ಸೀಟು ಎತ್ತಿ ನೋಡಿ. ಬ್ಯಾಟರಿ ಅಲ್ಲೇ ಇದೆ, ಅದರ ಆಮ್ಲ ಕೆಳಗಿನ ತಗಡನ್ನು ತಿಂದಿರುತ್ತದೆ. ಆಮೇಲೆ ಬಾಗಿಲ ಕೆಳಗಿನ ಹೀಟರ್ ಚಾನೆಲ್‌ಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಎಂಜಿನ್ನಿನ ಬಿಸಿಗಾಳಿ ಒಳಗೆ ಬರುವುದು ಅದರಲ್ಲೇ, ಬಾಡಿಯ ಗಟ್ಟಿತನ ನಿಂತಿರುವುದೂ ಅದರ ಮೇಲೇ. ಟಣ್ ಅಂದರೆ ಸಂತೋಷ. ಡಬ್ ಅಂದರೆ ಒಳಗೆ ತುಕ್ಕು, ಇಲ್ಲವೇ ಯಾರೋ ತುಂಬಿಸಿದ ಪುಟ್ಟಿ. ಹಾಗಿದ್ದರೆ ನಿಮ್ಮದೂ ಅಣ್ಣನದೂ ಎರಡೂ ಯೋಜನೆಗಳನ್ನು ಬದಿಗಿಟ್ಟು ಮೊದಲು ವೆಲ್ಡರನ್ನು ಕರೆಯಿರಿ. ಚಾನೆಲ್ ಬದಲಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಅಡ್ಡ ಕಂಬಿ ಬೆಸೆದು ಬಿಗಿ ಮಾಡದಿದ್ದರೆ ಬಾಡಿ ಕುಗ್ಗುತ್ತದೆ, ಆಮೇಲೆ ಬಾಗಿಲು ಮುಚ್ಚುವುದಿಲ್ಲ.

ಅಣ್ಣನಿಗೂ ಒಂದು ಮಾತು. ಮೊದಲಿದ್ದಂತೆ ಮಾಡಿಸುತ್ತೇನೆಂದು ಹೊರಟವರೇ ಮೂಲದ ಬಣ್ಣ ಕೆರೆಸಿ, ಸೀಟಿನ ಬಟ್ಟೆ ಕಿತ್ತು, ಕಾರ್ಖಾನೆಯಲ್ಲೂ ಇಲ್ಲದ ಹೊಳಪು ಬರಿಸುತ್ತಾರೆ. ಆಮೇಲೆ ಮಳೆ ಬಂದರೆ ಕಾರು ಹೊರಗೆ ತೆಗೆಯುವುದಿಲ್ಲ. 2024ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಹಳೇ ಕಾರುಗಳ ಸ್ಪರ್ಧೆಯ ಅತ್ಯುನ್ನತ ಪ್ರಶಸ್ತಿ ಗೆದ್ದದ್ದು ರಿಪೇರಿಯ ಹೊಳಪಿಲ್ಲದ 1934ರ ಬುಗಾಟಿ ಟೈಪ್ 59. ಬೆಲ್ಜಿಯಂ ದೊರೆ ಮೂರನೇ ಲಿಯೋಪೋಲ್ಡನ ಬಳಿ ಇದ್ದ ಕಾರು ಅದು. ಇದ್ದದ್ದನ್ನು ಇದ್ದಂತೆ ಕಾಪಾಡಿದ ಕಾರುಗಳ ವಿಭಾಗದಿಂದ ಅಲ್ಲಿ ಆ ಗೌರವ ಪಡೆದ ಮೊದಲ ಕಾರೂ ಅದೇ. ನಿಮ್ಮದು ಬುಗಾಟಿಯಲ್ಲ, ಎರಡು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾದ ಬೀಟಲ್. ಬೋಲ್ಟಿನ ಬದಲಾವಣೆಗಳಿಗೆ ನಾನು ಧೈರ್ಯ ಕೊಡುತ್ತಿರುವುದೂ ಅದಕ್ಕೇ. ಆದರೆ ಸ್ಟೀರಿಂಗಿನ ಮೇಲೆ ತಾತನ ಕೈ ಸವೆಸಿದ ಗುರುತು ಇರುವುದು ಇದೊಂದರಲ್ಲೇ. ಅದನ್ನು ಪಾಲಿಶ್ ಮಾಡಿಸಬೇಡಿ.

ಬಿಚ್ಚಿದ ಒಂದೊಂದು ಭಾಗಕ್ಕೂ ಚೀಟಿ ಅಂಟಿಸಿ, ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಎಂಜಿನ್ ಬದಲಿಸಿದರೆ ನೋಂದಣಿ, ವಿಮೆ ಎರಡಕ್ಕೂ ತಿಳಿಸಿ. ಸೀಟು ಎತ್ತಿದಾಗ ನೆಲದ ನಡುವೆ ಉಬ್ಬಿರುವ ಟನಲ್ ಮೇಲೆ ಚಾಸಿ ನಂಬರ್ ಕಾಣುತ್ತದೆ, ಎಂಜಿನ್ ನಂಬರ್ ಡೈನಮೋ ಕೆಳಗಿದೆ. ಎರಡನ್ನೂ ಕಾಗದಪತ್ರದ ಜೊತೆ ತಾಳೆ ನೋಡಿ. ಸುತ್ತಿಗೆಗೆ ಚಾನೆಲ್ ಏನು ಸದ್ದು ಮಾಡಿತು ಎಂದು ಕೆಳಗೆ ಬರೆಯಿರಿ. ಆಮೇಲೆ ಬಣ್ಣದ ಮಾತಾಡೋಣ.