ಬಾಗಿಲು ತೆರೆಯದ ಡಾಕ್ಟರ್ ಅಪರಾಧಿಯೇ?

ಪ್ರಶ್ನೆ: ಬೆಲ್ಜಿಯಂನ ನಿರ್ದೇಶಕರಾದ ಡಾರ್ಡೆನ್ ಸಹೋದರರ ಫ್ರೆಂಚ್ ಭಾಷೆಯ ಚಿತ್ರ ‘ಲಾ ಫಿಯ್ ಎಂಕೊನ್ಯೂ’ (2016) ನೋಡಿದೆ. ಕ್ಲಿನಿಕ್ ಮುಚ್ಚಿ ಒಂದು ಗಂಟೆಯಾದ ಮೇಲೆ ಬೆಲ್ ಆಗುತ್ತದೆ, ಡಾಕ್ಟರ್ ಜೆನ್ನಿ ಬಾಗಿಲು ತೆರೆಯುವುದಿಲ್ಲ. ಬೆಲ್ ಒತ್ತಿದ ಹುಡುಗಿ ಮರುದಿನ ಹೆಣವಾಗಿ ಸಿಗುತ್ತಾಳೆ. ಜೆನ್ನಿ ಅಪರಾಧಿಯೇ?

ಉತ್ತರ: ಕಾನೂನಿನ ಕಣ್ಣಲ್ಲಿ ಅಲ್ಲ. ಅಪಾಯದಲ್ಲಿರುವವರಿಗೆ ನೆರವಾಗದಿರುವುದು ಕಥೆ ನಡೆಯುವ ಬೆಲ್ಜಿಯಂನಲ್ಲೂ ಫ್ರಾನ್ಸಿನಲ್ಲೂ ಅಪರಾಧವೇ. ಫ್ರಾನ್ಸಿನಲ್ಲಿ 5 ವರ್ಷದವರೆಗೆ ಜೈಲು, 75,000 ಯೂರೋವರೆಗೆ ದಂಡ. ಆದರೆ ಅಪರಾಧವಾಗಬೇಕಾದರೆ ಅಪಾಯವಿದೆ ಎಂದು ಗೊತ್ತಿದ್ದೂ ಸುಮ್ಮನಿದ್ದಿರಬೇಕು. ಜೆನ್ನಿಗೆ ಕೇಳಿಸಿದ್ದು ಒಂದೇ ಒಂದು ಬೆಲ್.

ಅವಳನ್ನು ಸುಡುವುದು ಬೇರೆಯೇ ಸಂಗತಿ. ಬಾಗಿಲು ತೆರೆಯಲು ಅವಳಿಗೂ ಮನಸ್ಸಿತ್ತು. ತರಬೇತಿಗೆ ಬಂದ ಜೂಲಿಯನ್ ಎದುರು ತನ್ನ ಮಾತೇ ನಡೆಯಬೇಕೆಂದು ತಡೆದಳು. ಇದನ್ನು ಅವಳೇ ಆಮೇಲೆ ಒಪ್ಪಿಕೊಳ್ಳುತ್ತಾಳೆ. ಚಿತ್ರದ ತಿರುಳು ಇಲ್ಲಿದೆ ಎಂದು ನಮ್ಮ ಎಣಿಕೆ.

ಇನ್ನೊಮ್ಮೆ ನೋಡುವಾಗ ನಾಡಿಯ ದೃಶ್ಯ ಗಮನಿಸಿ. ಹುಡುಗಿಯ ಫೋಟೋ ಕಂಡೊಡನೆ ಬ್ರಯಾನ್ ಎಂಬ ಹುಡುಗನ ನಾಡಿ ಜೋರಾಗುತ್ತದೆ. ಅದು ಜೆನ್ನಿಗೆ ತಿಳಿದದ್ದು ವೈದ್ಯೆಯಾಗಿ. ರೋಗಿಯ ಗುಟ್ಟು ಕಾಯುವ ಕಟ್ಟುಪಾಡು ಅವಳ ಮೇಲಿದೆ. ಹಾಗಾಗಿ ಪೊಲೀಸರ ಬಳಿ ಓಡದೆ ಮತ್ತೆ ಮತ್ತೆ ಕೇಳುತ್ತಾಳೆ. (ಮುಂದಿನದು ಚಿತ್ರ ನೋಡದವರಿಗಲ್ಲ.) ಹುಡುಗಿಯನ್ನು ಬೆನ್ನಟ್ಟಿದ್ದ ಬ್ರಯಾನನ ತಂದೆ ಕೊನೆಗೆ ತಾನೇ ಬಾಯಿಬಿಡುತ್ತಾನೆ. ಆದರೂ ಜೆನ್ನಿಯ ಹೊರೆ ಇಳಿಯುವುದಿಲ್ಲ, ಏಕೆಂದರೆ ಸತ್ತವಳ ಹೆಸರು ಆಗಲೂ ಸಿಕ್ಕಿರುವುದಿಲ್ಲ.