ಗುಂಡಿಗೆ ಬಿದ್ದ ಮೇಲೆ ಟೈರ್ ಪಕ್ಕದಲ್ಲಿ ಉಬ್ಬು ಬಂದಿದೆ. ರಿಪೇರಿ ಆಗುತ್ತಾ, ಹೊಸದೇ ಬೇಕಾ?

ಹೊಸದೇ ಹಾಕಿಸಿ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರ್ ಜಜ್ಜಿದಾಗ ಪಕ್ಕದ ರಬ್ಬರಿನೊಳಗಿನ ದಾರಗಳು ಕಡಿದುಹೋಗುತ್ತವೆ, ಆಮೇಲೆ ಗಾಳಿ ಅಲ್ಲಿ ರಬ್ಬರನ್ನು ಹೊರಗೆ ತಳ್ಳುತ್ತದೆ, ಅದೇ ನೀವು ನೋಡ್ತಿರೋ ಉಬ್ಬು. ಇದಕ್ಕೆ ಪ್ಯಾಚ್ ಇಲ್ಲ. "ಏನೂ ಆಗಲ್ಲ, ಓಡಿಸಿ ಸಾರ್" ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಹೈವೇಯಲ್ಲಿ ಒಡೆಯಬಹುದು. ಸ್ಟೆಪ್ನಿ ಹಾಕಿಕೊಂಡು ನಿಧಾನಕ್ಕೆ ಅಂಗಡಿಗೆ ಹೋಗಿ.

ಹಳೇ ಟೈರ್ ಮೇಲೆ 185/65 ಆರ್15 88ಎಚ್ ಅಂತ ಏನೋ ಇರುತ್ತದೆ ಅಲ್ವಾ, ಅದೇ ಅಳತೆ ಕೇಳಿ. 88 ಅಂದರೆ ಒಂದು ಟೈರ್ 560 ಕೆಜಿ ಹೊರುತ್ತದೆ, ಎಚ್ ಅಂದರೆ ಗಂಟೆಗೆ 210 ಕಿಮೀ ವೇಗದವರೆಗೆ. ಕಾರ್ ಕಂಪನಿ ಹೇಳಿದ್ದಕ್ಕಿಂತ ಕಡಿಮೆಯದು ಬೇಡ. ಎಂಆರ್‌ಎಫ್, ಅಪೋಲೋ, ಸಿಯಟ್ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳುವ ಬದಲು ತಯಾರಾದ ದಿನ ನೋಡಿ: ಟೈರ್ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ನಂಬರಿನ ಕೊನೆಯಲ್ಲಿ 2324 ಇದ್ದರೆ 2024ರ 23ನೇ ವಾರ. ಅಂಗಡಿಯಲ್ಲೇ ವರ್ಷಗಟ್ಟಲೆ ಕೂತ ಟೈರನ್ನು ಡಿಸ್ಕೌಂಟ್ ಕೊಟ್ಟು ತಳ್ಳುವುದುಂಟು.

ಜೊತೆಯ ಟೈರ್ (ಎದುರು ಬದಿಯದು) ಸವೆದಿದ್ದರೆ ಎರಡೂ ಬದಲಿಸಿ, ಟೈರಿನ ಗೀರುಗಳ ಆಳಕ್ಕೆ 1.6 ಮಿಮೀ ಕಾನೂನಿನ ಕನಿಷ್ಠ ಮಿತಿ, ಆದರೆ ಮಳೆಗಾಲಕ್ಕೆ 3 ಇರಲಿ. ಹೊಸ ಜೋಡಿ ಹಿಂದಿನ ಚಕ್ರಕ್ಕೆ. ಚಕ್ರಗಳ ಅಲೈನ್‌ಮೆಂಟ್ ಮಾಡಿಸೋದು ಮರೆಯಬೇಡಿ, ರಿಮ್ ಬಾಗಿದೆಯಾ ಅಂತಲೂ ನೋಡಿಸಿ.